ಕಂಡಿಯ ಮೇಲಿನ ಹಲಗೆ

ಶೀನನ ದೋಣಿಯಲ್ಲಿ ಎರಡು ಸೈಕಲ್‌ಗಳು ಒಂದರ ಮೇಲೊಂದು ಮಲಗಿದ್ದವು. ನರ್ಮದಾ ಒಂದು ಕೈಯಲ್ಲಿ ದೋಣಿಯ ಅಂಚನ್ನೂ ಇನ್ನೊಂದು ಕೈಯಲ್ಲಿ ಮೇಲಿನ ಸೈಕಲ್ಲಿನ ಚಕ್ರವನ್ನೂ ಬಿಗಿಯಾಗಿ ಹಿಡಿದು ಕೂತಿದ್ದಳು.

“ಚಕ್ರ ಬಿಡು ಮಾರಾಯ್ತಿ, ಅದು ಓಡಿಹೋಗುವುದಿಲ್ಲ,” ಎಂದಳು ಲೋರ್ನಾ.

“ಜಾರಿದರೆ? ನಿನ್ನ ಚಿಕ್ಕಮ್ಮನ ಸೈಕಲ್ಲು.”

“ಜಾರಿದರೆ ಶೀನಣ್ಣ ಹಾರ್ತಾರೆ. ಅಲ್ವಾ ಶೀನಣ್ಣ?”

ಶೀನ ಜಲ್ಲೆಯನ್ನು ಹೊಳೆಯ ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ನೂಕಿದ. “ಸೈಕಲ್ಲಿಗೆ ನಾನು ಹಾರುವುದಿಲ್ಲ. ನೀವು ಬಿದ್ದರೆ ಬೇಕಾದರೆ ಯೋಚನೆ ಮಾಡುವಾ,” ಎಂದು ನಕ್ಕ. ಆಮೇಲೆ ನಗುವನ್ನು ಬದಿಗಿಟ್ಟು ಹೇಳಿದ: “ನಿನ್ನೆ ಹುಣ್ಣಿಮೆ. ಇವತ್ತು ನೀರು ಜೋರು ಏರ್ತದೆ. ಮಧ್ಯಾಹ್ನಕ್ಕೆ ಮುಂಚೆ ಕಡವಿಗೆ ಬಂದು ಒಂದು ಕೂ ಹಾಕಿ, ದಾಟಿಸುತ್ತೇನೆ. ಒಂದೇ ಕೂ, ತಿಳಿಯಿತಾ? ನಿಲ್ಲಿಸದೆ ಕೂ ಹಾಕುವುದು ಕಟ್ಟ ಒಡೆದಾಗ. ಹಾಗೆ ಕೂಗಿದರೆ ಕುದ್ರುವಿನ ಹೆಂಗಸರೆಲ್ಲ ಮಣ್ಣು ಬುಟ್ಟಿ ಹಿಡಿದು ಓಡಿ ಬರ್ತಾರೆ. ಆಮೇಲೆ ನಿಮ್ಮನ್ನು ಬೈದು ಮುಗಿಯಲಿಕ್ಕೆ ಸಂಜೆ ಆಗ್ತದೆ.”

ಕೆಮ್ಮಣ್ಣಿನ ಆಚೆ, ಸುವರ್ಣಾ ನದಿ ಸಮುದ್ರಕ್ಕೆ ಸೇರುವ ಮೊದಲು ಕೈಕಾಲು ಚಾಚಿ ಹರಿಯುವಲ್ಲಿ, ಇಂಥ ನಡುಗಡ್ಡೆಗಳು ಹಲವು ಇವೆ. ಕುದ್ರು ಎಂದು ಅವುಗಳಿಗೆ ಹೆಸರು. ಇದು ಕೇದಗೆ ಕುದ್ರು. ಸೇತುವೆ ಇಲ್ಲ, ರಸ್ತೆ ಇಲ್ಲ, ಮೋಟಾರು ಇಲ್ಲ. ಸುತ್ತ ಮಣ್ಣಿನ ಕಟ್ಟ, ಕಟ್ಟದ ಒಳಗೆ ತೆಂಗು ಮತ್ತು ಗದ್ದೆ, ಕಟ್ಟದ ಹೊರಗೆ ದಿನಕ್ಕೆರಡು ಸಲ ಏರಿ ಇಳಿಯುವ ಉಪ್ಪುನೀರು. ಕಟ್ಟದ ಮೇಲಿನ ಕಾಲುದಾರಿಯೇ ಊರಿನ ಹೆದ್ದಾರಿ.

ಅಲ್ಲಿಗೆ ಸೈಕಲ್ ತೆಗೆದುಕೊಂಡು ಹೋಗುವ ಯೋಚನೆ ಲೋರ್ನಾಳದ್ದು. ಉಡುಪಿಯ ಸಂಜೆ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಹಗಲಿನಲ್ಲಿ ನರ್ಮದಾ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟು. ಕಲ್ಯಾಣಪುರದ ಲೋರ್ನಾಳ ಮನೆಯಂಗಳದಲ್ಲಿ, ಬಿದ್ದು ಎದ್ದು, ಕೆಲವು ವಾರಗಳ ಹಿಂದಷ್ಟೇ ಸೈಕಲ್ ಕಲಿತಿದ್ದಳು. ಆದರೆ ಕಲಿತ ಮೇಲೆ ಸೈಕಲ್ ಓಡಿಸುವುದೆಲ್ಲಿ? ಅವಳ ಮನೆಯಿರುವ ಬನ್ನಂಜೆಯ ದಾರಿಯಲ್ಲಿ ಒಂದು ಹುಡುಗಿ ಸೈಕಲ್ ಹತ್ತಿದರೆ ಕಟ್ಟೆಯ ಮೇಲಿನ ಹುಡುಗರೆಲ್ಲ ‘ಬ್ರೇಕ್ ಉಂಟಾ ಅಕ್ಕಾ?’ ಎಂದು ಕೇಳುವವರೇ. “ಕುದ್ರುವಿನಲ್ಲಿ ನಿನ್ನನ್ನು ನೋಡಲಿಕ್ಕೆ ಏಡಿ ಮಾತ್ರ ಉಂಟು,” ಎಂದು ಲೋರ್ನಾ ಒಪ್ಪಿಸಿದ್ದಳು. ಲೋರ್ನಾಳ ಮನೆಗೆ ಓದಲು ಹೋಗುತ್ತೇನೆಂದು ನರ್ಮದಾ ಮನೆಯಲ್ಲಿ ಹೇಳಿ ಬಂದಿದ್ದಳು. ಅದು ಪೂರ್ತಿ ಸುಳ್ಳಾಗದಿರಲಿ ಎಂದು ಅಕೌಂಟೆನ್ಸಿಯ ಪುಸ್ತಕವನ್ನು ಕ್ಯಾರಿಯರಿಗೆ ಸಿಕ್ಕಿಸಿ ತಂದಿದ್ದಳು.

ಅವಳ ಸ್ವಭಾವವೇ ಹಾಗೆ. ಆಫೀಸಿನಲ್ಲಿ ಟೈಪ್‌ರೈಟರಿಗೆ ಮುಸುಕು ಹಾಕಿ, ಬಸ್ ನಿಲ್ಲುವಲ್ಲಿಯವರೆಗೆ ಬಂದವಳು, ಕಿಟಕಿಯ ಚಿಲಕ ಹಾಕಿದೆನೋ ಇಲ್ಲವೋ ಎಂದು ಗುಡ್ಡ ಹತ್ತಿ ಮರಳಿ ಹೋಗುವಳು. ಚಿಲಕ ಹಾಕಿಯೇ ಇರುತ್ತಿತ್ತು. ಒಲೆ ಆರಿಸಿಯೇ ಇರುತ್ತಿತ್ತು. ಹಾಲ್‌ಟಿಕೆಟು ಚೀಲದಲ್ಲೇ ಇರುತ್ತಿತ್ತು. ಲೋರ್ನಾ ಅವಳಿಗೆ ‘ರಿಟರ್ನ್ ಟಿಕೆಟ್’ ಎಂದು ಹೆಸರಿಟ್ಟಿದ್ದಳು.

ಕುದ್ರುವಿನ ಮೂಡಣ ತುದಿಯ ಕಡವಿನಲ್ಲಿ ಇಳಿದು ಬಡಗಣ ಬದಿಯ ಕಟ್ಟ ಹಿಡಿದು ಹೊರಟರು. ಮೊದಮೊದಲು ನರ್ಮದೆಗೆ ಮುಂದಿನ ಚಕ್ರ ಬಿಟ್ಟು ಬೇರೇನೂ ಕಾಣಲಿಲ್ಲ. ಒಂದು ಬದಿ ಹೊಳೆ, ಇನ್ನೊಂದು ಬದಿ ಗದ್ದೆ, ನಡುವೆ ಒಂದು ಮೊಳ ದಾರಿ. ಸ್ವಲ್ಪ ದೂರ ಹೋದ ಮೇಲೆ ಹ್ಯಾಂಡಲ್ ನಡುಗುವುದು ನಿಂತಿತು. ಗಾಳಿ ಮುಖಕ್ಕೆ ಬಂತು. ಕತ್ತಕ್ಕೆಂದು ತೆಂಗಿನ ಸಿಪ್ಪೆ ಕೊಳೆಹಾಕಿದ ಗುಂಡಿಗಳ ನಾತವೂ ಹಿತವೆನಿಸಿತು. ನೀರು ಇಳಿದ ಕೆಸರಿನಲ್ಲಿ ಒಬ್ಬ ಹೆಂಗಸು ಬಾಗಿ ಮರುವಾಯಿ ಚಿಪ್ಪುಗಳನ್ನು ಹೆಕ್ಕುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನಿಂತಳು.

“ಎಲ್ಲಿಗೆ ಸವಾರಿ?”

“ಕುದ್ರು ಸುತ್ತಲಿಕ್ಕೆ!” ಎಂದಳು ಲೋರ್ನಾ.

“ಸುತ್ತಿ ಸುತ್ತಿ. ನನ್ನ ಗದ್ದೆಗೆ ಮಾತ್ರ ಬೀಳಬೇಡಿ. ತೆನೆಯಲ್ಲಿ ಹಾಲು ತುಂಬಿ ಉಂಟು.”

“ಅದು ಅಕ್ಕು,” ಎಂದಳು ಲೋರ್ನಾ ಮುಂದೆ ಹೋದ ಮೇಲೆ. “ನಮ್ಮ ಮನೆಗೆ ಮರುವಾಯಿ ತರುವುದು ಅವಳೇ. ಈ ಬದಿಯ ಗದ್ದೆ ಅವಳದ್ದು.”

ಅಕ್ಕುವಿನ ಗದ್ದೆಯ ಮಗ್ಗುಲಲ್ಲೇ ದಾರಿ ತುಂಡಾಯಿತು. ಕಟ್ಟದಲ್ಲಿ ಒಂದು ಆಳದ ಕಂಡಿ. ಎರಡು ಕಡೆ ಕೆಂಪುಕಲ್ಲಿನ ಕಂಬ, ಕಂಬಗಳಲ್ಲಿ ಕೊರೆದ ಸೀಳಿನಲ್ಲಿ ಒಂದರ ಮೇಲೊಂದು ಇಳಿಸಿದ ಮೂರು ಹಲಗೆ. ಮಳೆಗಾಲದ ನೀರನ್ನು ಹೊಳೆಗೆ ಬಿಡಲು ಹಲಗೆ ತೆಗೆಯುವುದು, ಉಪ್ಪುನೀರು ಗದ್ದೆಗೆ ಬಾರದಂತೆ ಹಲಗೆ ಹಾಕುವುದು. ದಾಟಲು ಮೇಲೆ ಒಂದೇ ತೆಂಗಿನ ಮರದ ಸಂಕ. ನಡೆದು ಹೋಗಬಹುದು, ಸೈಕಲ್ ನೂಕಲಾಗದು.

ಲೋರ್ನಾ ಸಂಕವನ್ನು ನೋಡಿದಳು, ಕಂಡಿಯನ್ನು ನೋಡಿದಳು. “ಮೇಲಿನ ಹಲಗೆ ತೆಗೆದು ಸಂಕದ ಬದಿಗೆ ಇಟ್ಟರೆ ಸೈಕಲ್ ಸಲೀಸು ಹೋಗ್ತದೆ.”

“ಬೇಡ ಲೋರ್ನಾ. ಕಂಡಿಯ ಹಲಗೆ ಮುಟ್ಟಬಾರದು.” ಕಾಪುವಿನ ಹತ್ತಿರದ ಅಜ್ಜಿಯ ಮನೆಯಲ್ಲಿ ಇಂಥದೇ ಕಂಡಿ ಇತ್ತು. ಅದರ ಹತ್ತಿರ ಸುಳಿದರೂ ಅಜ್ಜಿ ಕೋಲು ಹುಡುಕುತ್ತಿದ್ದರು.

“ನೀರು ಎಲ್ಲಿ ಉಂಟು ನೋಡು, ಪಾತಾಳದಲ್ಲಿ. ದಾಟಿದ ಕೂಡಲೇ ಇಟ್ಟುಬಿಡುವಾ.”

ಹೊಳೆಯ ನೀರು ನಿಜವಾಗಿಯೂ ಬಹಳ ಕೆಳಗಿತ್ತು. ಕಂಬದ ಪಕ್ಕದಲ್ಲಿ ನಿಂತಿದ್ದವಳು ನರ್ಮದಾ, ಎತ್ತಿದವಳೂ ಅವಳೇ. ಹಲಗೆಯನ್ನು ಸಂಕಕ್ಕೆ ಜೋಡಿಸಿದರು. ಲೋರ್ನಾ ದಾಟಿದಳು. ನರ್ಮದಾ ಸೈಕಲ್ ನೂಕುತ್ತ ದಾಟುವಾಗ ಹಲಗೆ ಅಲುಗಿತು, ಪೆಡಲು ಸಂಕಕ್ಕೆ ತಾಗಿತು, ಚೈನು ಕಳಚಿತು. ಆಚೆ ದಡದಲ್ಲಿ ಕೂತು ಚೈನು ಏರಿಸುವಷ್ಟರಲ್ಲಿ ಅವಳ ಎರಡೂ ಕೈ ಕಪ್ಪಾದವು. ಲೋರ್ನಾ ಆಗಲೇ ಸೈಕಲ್ ಹತ್ತಿ ದೂರ ಹೋಗಿ, “ಬಾ, ಬಾ, ಇಲ್ಲಿ ಸಮುದ್ರ ಕಾಣ್ತದೆ!” ಎಂದು ಕೂಗುತ್ತಿದ್ದಳು.

ಪಡುವಣ ತುದಿಯಲ್ಲಿ ಕೇದಗೆಯ ಪೊದೆಗಳ ನೆರಳು. ಇಬ್ಬರೂ ಕೂತು ಅವಲಕ್ಕಿ ತಿಂದರು. ಹೊಳೆಬಾಯಿಯಲ್ಲಿ ಇಳಿತ ಮುಗಿದು ನೀರು ಒಳಕ್ಕೆ ತಿರುಗಿ ಹೊತ್ತಾಗಿತ್ತು. ಸಮುದ್ರದ ಕಡೆಯಿಂದ ಒಣಗಿದ ತೆಂಗಿನ ಮಡಲೊಂದು ತೇಲುತ್ತ ಒಳಕ್ಕೆ ಬಂತು, ನರ್ಮದೆಯ ಮುಂದಿನಿಂದಲೇ ಸಾಗಿತು. ಅವಳು ಅದನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಅವಲಕ್ಕಿ ಕೈಯಲ್ಲೇ ಉಳಿಯಿತು.

“ಲೋರ್ನಾ, ನಾನು ಹಲಗೆ ವಾಪಸು ಇಟ್ಟೆನಾ?”

ಲೋರ್ನಾ ಮೊದಲು ಅರ್ಥವಾಗದೆ ನೋಡಿದಳು, ಆಮೇಲೆ ನಗಲು ಶುರುಮಾಡಿದಳು. “ಬಂತು! ರಿಟರ್ನ್ ಟಿಕೆಟ್!”

“ತಮಾಷೆ ಅಲ್ಲ. ನೀನು ನೋಡಿದ್ದೀಯಾ?”

“ಇಟ್ಟಿರ್ತೀ. ನೀನು ಇಡದೆ ಬರುವವಳಾ?”

ನರ್ಮದಾ ಕಣ್ಣು ಮುಚ್ಚಿದಳು. ಹಲಗೆಯ ಭಾರ ಕೈಗೆ ನೆನಪಿತ್ತು. ಆದರೆ ಅದು ಎತ್ತಿದ ಭಾರವೋ, ಇಳಿಸಿದ ಭಾರವೋ? ಚೈನು ಏರಿಸಿದ್ದು ನೆನಪಿತ್ತು. ಹುಲ್ಲಿಗೆ ಕೈ ಒರೆಸಿದ್ದು ನೆನಪಿತ್ತು. ಲೋರ್ನಾ ಕೂಗಿದ್ದು ನೆನಪಿತ್ತು. ನಡುವೆ ಎಲ್ಲಿಯೂ ಕಂಬದ ಸೀಳಿನೊಳಗೆ ಹಲಗೆ ಇಳಿದ ಸದ್ದು ಕೇಳಿಸಲಿಲ್ಲ. ಹಾಗೆಂದು, ಆಫೀಸಿನ ಚಿಲಕದ ಸದ್ದೂ ಎಂದೂ ನೆನಪಿರುತ್ತಿರಲಿಲ್ಲ.

“ನಾನು ಹೋಗಿ ನೋಡಿ ಬರ್ತೇನೆ.”

“ಹುಚ್ಚಾ? ಕೆಳಗೆ ಇನ್ನೂ ಎರಡು ಹಲಗೆ ಉಂಟು. ಹೊತ್ತಾಯಿತು, ಶೀನಣ್ಣ ಊಟಕ್ಕೆ ಹೋದರೆ ಮತ್ತೆ ಸಂಜೆಯೇ. ನಿನ್ನ ಅಪ್ಪನಿಗೆ ಎಂತ ಹೇಳ್ತೀ?”

“ಮೇಲಿನ ಹಲಗೆ ಇರುವುದೇ ಹುಣ್ಣಿಮೆ ಅಮಾವಾಸ್ಯೆಯ ನೀರಿಗೆ. ನಿನ್ನೆ ಹುಣ್ಣಿಮೆ.”

“ನರ್ಮದಾ, ಇಷ್ಟು ದಿನ ನೀನು ಎಷ್ಟು ಸಲ ವಾಪಸು ಹೋಗಿದ್ದೀ? ಒಂದು ಸಲವಾದರೂ ಚಿಲಕ ತೆರೆದಿತ್ತಾ?”

ಅದೇ ಪ್ರಶ್ನೆಯನ್ನು ನರ್ಮದಾ ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಸೈಕಲ್ ತಿರುಗಿಸಿದಳು.

“ನಾನು ತೆಂಕಣ ಬದಿಯಿಂದ ಕಡವಿಗೆ ಹೋಗಿ ದೋಣಿ ನಿಲ್ಲಿಸ್ತೇನೆ,” ಎಂದು ಲೋರ್ನಾ ಹಿಂದಿನಿಂದ ಸಿಟ್ಟಿನಲ್ಲಿ ಕೂಗಿದಳು. “ಹಲಗೆ ಇದ್ದರೆ ನನಗೆ ಒಂದು ಮಸಾಲೆ ದೋಸೆ!”

ಬಂದಾಗ ಕೆಳಗೆಲ್ಲೋ ಇದ್ದ ಹೊಳೆ ಈಗ ಬೇರೆಯೇ ಆಗಿತ್ತು. ಕೆಸರು ಕಾಣುತ್ತಿರಲಿಲ್ಲ. ನೀರು ಕಟ್ಟದ ಮಗ್ಗುಲನ್ನು ನೆಕ್ಕುತ್ತ ಸೈಕಲ್ಲಿನ ಜತೆಜತೆಗೇ ಓಡುತ್ತಿತ್ತು. ಅವಳಿಗಿಂತ ಅದು ಮುಂದಿದೆಯೆಂದು ಅವಳಿಗೆ ಅನಿಸಿತು. ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಇರಲಿ ದೇವರೇ, ಹಲಗೆ ಇರಲಿ, ಲೋರ್ನಾ ವರ್ಷವಿಡೀ ನಗಲಿ. ಒಂದು ಕಡೆ ಚಕ್ರ ಜಾರಿ ಕಟ್ಟದ ಅಂಚಿಗೆ ಬಂತು, ಮಂಡಿ ತರಚಿತು. ಎದ್ದು ಮತ್ತೆ ತುಳಿದಳು.

ಕಂಡಿ ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಕೊಡದಿಂದ ನೀರು ಸುರಿದಂಥ ಸದ್ದು, ಎಡೆಬಿಡದೆ.

ಮೇಲಿನ ಹಲಗೆ ಇರಲಿಲ್ಲ. ಎರಡನೆಯ ಹಲಗೆಯ ಮೇಲಿನಿಂದ ಹೊಳೆಯ ನೀರು ಗಾಜಿನ ಹಾಳೆಯಂತೆ ಬಾಗಿ ಒಳಗೆ ಬೀಳುತ್ತಿತ್ತು. ಒಳಗಿನ ತೋಡು ತುಂಬಿ, ಮೊದಲ ಗದ್ದೆಯ ಪೈರಿನ ಬುಡದಲ್ಲಿ ನೊರೆ ಸುತ್ತುತ್ತಿತ್ತು. ಅವಳು ದಡದ ಮೇಲೆ ಹುಡುಕಿದಳು, ಸಂಕದ ಕೆಳಗೆ ನೋಡಿದಳು. ಹಲಗೆ ಎಲ್ಲಿಯೂ ಇಲ್ಲ. ಹೊರ ಮಗ್ಗುಲಲ್ಲಿ ಹುಲ್ಲಿನ ಮೇಲೆ ಅದು ಮಲಗಿದ್ದ ಗುರುತು ಮಾತ್ರ ಇತ್ತು. ಆ ಗುರುತಿನ ಮೇಲೆ ಈಗ ನೀರಾಡುತ್ತಿತ್ತು.

ಕೆಸರು ಬಾಚಿ ಹಾಕಿದಳು. ಹಾಕಿದ್ದು ಹಾಕಿದಂತೆ ಕರಗಿ ಹೋಯಿತು. ಮಡಲು ಎಳೆದು ತಂದು ಅಡ್ಡ ಇಟ್ಟಳು. ನೀರು ಅದರ ಗರಿಗಳ ನಡುವಿನಿಂದ ನುಗ್ಗಿತು. ನೀರು ಇನ್ನೂ ಏರುವುದಿತ್ತು.

ಕೂ ಹಾಕಬೇಕು.

ನರ್ಮದಾ ಜೋರಾಗಿ ಮಾತಾಡಿದವಳೇ ಅಲ್ಲ. ಕ್ಲಾಸಿನಲ್ಲಿ ಹಾಜರಿ ಕರೆದಾಗ ಲೆಕ್ಚರರ್ ಎರಡು ಸಲ ಕೇಳಬೇಕಿತ್ತು. ಕೂ ಹಾಕಿದರೆ ಎಲ್ಲರೂ ಬರುತ್ತಾರೆ. ಯಾರು ತೆಗೆದದ್ದು ಎಂದು ಕೇಳುತ್ತಾರೆ. ಬನ್ನಂಜೆಯ ಇಂಥವರ ಮಗಳು, ಸೈಕಲ್ಲಿನಲ್ಲಿ ಬಂದಿದ್ದಳು ಎಂದು ಸಂಜೆಯೊಳಗೆ ಅಪ್ಪನಿಗೆ ಸುದ್ದಿ ಹೋಗುತ್ತದೆ. ಸೈಕಲ್ ಹತ್ತಿ ಕಡವಿಗೆ ಹೋದರೆ ಯಾರೂ ನೋಡಿಲ್ಲ, ಏಡಿ ಮಾತ್ರ.

ನೀರು ಎರಡನೆಯ ಸಾಲಿನ ಪೈರಿಗೆ ತಲುಪಿತು.

ಅವಳು ಕೈಗಳನ್ನು ಬಾಯಿಗೆ ಒಡ್ಡಿ ಕೂ ಹಾಕಿದಳು. ಮೊದಲನೆಯದು ಗಂಟಲಲ್ಲೇ ಒಡೆಯಿತು. ಎರಡನೆಯದು ಹೊಳೆ ದಾಟಿತು. ಆಮೇಲೆ ನಿಲ್ಲಿಸಲಿಲ್ಲ.

ಮೊದಲು ಬಂದವಳು ಅಕ್ಕು. ತಲೆಯ ಮೇಲೆ ಬುಟ್ಟಿ ಇತ್ತು, ಅದರಲ್ಲಿ ಇನ್ನೂ ಒಂದಿಷ್ಟು ಮರುವಾಯಿ. ಕಂಡಿಯನ್ನು ನೋಡಿ ಬುಟ್ಟಿಯನ್ನು ಅಲ್ಲೇ ಕವುಚಿದಳು.

“ಅಕ್ಕಾ, ಹಲಗೆ ತೆಗೆದದ್ದು ನಾನೇ. ಸೈಕಲ್ ದಾಟಿಸಲಿಕ್ಕೆ. ವಾಪಸು ಇಡಲಿಕ್ಕೆ...”

“ಅದು ಆಮೇಲೆ. ಕೂತುಕೋ.”

“ಎಲ್ಲಿ?”

“ಹಲಗೆ ಇದ್ದಲ್ಲಿ!”

ಅಕ್ಕು ಅವಳ ರಟ್ಟೆ ಹಿಡಿದು ಕಂಡಿಗೆ ಇಳಿಸಿಯೇಬಿಟ್ಟಳು. ನರ್ಮದಾ ಎರಡನೆಯ ಹಲಗೆಯ ಮೇಲೆ ಅಡ್ಡಲಾಗಿ ಕೂತು, ಒಂದು ಕಂಬಕ್ಕೆ ಬೆನ್ನು ಕೊಟ್ಟು, ಇನ್ನೊಂದಕ್ಕೆ ಎರಡೂ ಪಾದಗಳನ್ನು ಒತ್ತಿದಳು. ಹೊಳೆ ಅವಳ ಪಕ್ಕೆಗೆ ಬಂದು ಗುದ್ದಿತು. ತಣ್ಣನೆಯ ನೀರು ಅಲ್ಲಿ ಇಲ್ಲಿ ದಾರಿ ಹುಡುಕುತ್ತ, ಮಂಡಿಯ ಕೆಳಗಿನಿಂದ, ಬೆನ್ನಿನ ಹಿಂದಿನಿಂದ ನುಸುಳಿತು. ಅಕ್ಕು ಹುಲ್ಲು ಮತ್ತು ಕೆಸರನ್ನು ಉಂಡೆ ಕಟ್ಟಿ ಅವಳ ಸುತ್ತ ಮೆತ್ತತೊಡಗಿದಳು. ಒಡೆದ ಗೋಡೆಗೆ ಮೆತ್ತಿದಂತೆ.

ಇನ್ನೂ ಮೂರು ನಾಲ್ಕು ಹೆಂಗಸರು ಬುಟ್ಟಿ ಹಿಡಿದು ಓಡಿ ಬಂದರು. ಗಂಡಸರೆಲ್ಲ ಮೀನಿನ ಕೆಲಸಕ್ಕೆ ಮಲ್ಪೆಗೆ ಹೋಗಿದ್ದರು.

“ಯಾರು ಇದು ಕಂಡಿಯಲ್ಲಿ?”

“ಹಲಗೆ,” ಎಂದಳು ಅಕ್ಕು, ತಲೆ ಎತ್ತದೆ.

“ಓದಿದ ಹಲಗೆ!” ಎಂದಳು ಒಬ್ಬಳು, ಕ್ಯಾರಿಯರಿನ ಪುಸ್ತಕ ನೋಡಿ. “ಕಾಲೇಜಿನಲ್ಲಿ ಇದನ್ನೇ ಕಲಿಸುವುದಾ ಅಮ್ಮಾ, ಇನ್ನೊಬ್ಬರ ಕಂಡಿ ಕಳಚಲಿಕ್ಕೆ?”

ಉತ್ತರ ಕೊಡಲು ಉಸಿರು ಬಿಟ್ಟರೆ ಪಕ್ಕೆಯ ಕೆಸರು ಸಡಿಲವಾದೀತೆಂದು ನರ್ಮದೆಗೆ ಹೆದರಿಕೆ. ಯಾವುದೋ ಸಣ್ಣ ಜೀವಿ ಹಿಮ್ಮಡಿಯ ಮೇಲೆ ಹರಿಯಿತು. ನೀರು ಎದೆಯ ಮಟ್ಟಕ್ಕೆ ಬಂತು. ಪಾದಗಳು ಮರಗಟ್ಟಿದವು, ಒತ್ತುತ್ತಿದ್ದೇನೋ ಇಲ್ಲವೋ ಎಂಬುದೂ ತಿಳಿಯದಾಯಿತು. ತಿಳಿಯದಾದಾಗಲೆಲ್ಲ ಇನ್ನಷ್ಟು ಒತ್ತಿದಳು. ಒಮ್ಮೆ ಅಲೆಯೊಂದು ಭುಜದ ಮೇಲಿಂದ ಹಾರಿ ಗದ್ದೆಗೆ ಬಿತ್ತು. ಅಕ್ಕುವಿನ ಬಾಯಿಂದ ಒಂದು ಶಬ್ದ ಹೊರಟಿತು. ಬೈಗುಳವಲ್ಲ, ಅಳುವಲ್ಲ. ನರ್ಮದೆಗೆ ಎಲ್ಲ ಬೈಗುಳಗಳಿಗಿಂತ ಅದು ಕಠಿಣವಾಗಿ ಕೇಳಿಸಿತು.

“ಇನ್ನು ಎಷ್ಟು ಏರ್ತದೆ ಅಕ್ಕಾ?”

“ಒಂದು ಗೇಣು. ನಿನ್ನ ಕೈಯಲ್ಲಿ ಆಗ್ತದಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದರೆ ಆಗುವುದಿಲ್ಲ. ಆಗ್ತದೆ ಅನ್ನು.”

ಆಗ ಹೊಳೆಯ ಕಡೆಯಿಂದ ಜಲ್ಲೆಯ ಸದ್ದು ಬಂತು. ಶೀನನ ದೋಣಿ ಪ್ರವಾಹಕ್ಕೆ ಎದುರಾಗಿ, ಕಟ್ಟಕ್ಕೆ ಒತ್ತಿಕೊಂಡು ಬರುತ್ತಿತ್ತು. ಶೀನನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮುಂದೆ ಲೋರ್ನಾ ಮಂಡಿಯೂರಿ ಕೂತಿದ್ದಳು. ಮಡಿಲಿಗೆ ಅಡ್ಡಲಾಗಿ ಹಲಗೆ.

ಲೋರ್ನಾಳ ಮುಖ ಬಿಳುಚಿಕೊಂಡಿತ್ತು. “ಕಡವಿಗೆ ತೇಲಿ ಬಂತು,” ಎಂದಳು. “ಶೀನಣ್ಣ ಯಾವುದೋ ಹಲಗೆ ಅಂದರು. ಎತ್ತಿ ನೋಡಿದರೆ ಅದರ ಮೇಲೆ ನಿನ್ನ ಕೈ.”

ಹಲಗೆಯ ಅಂಚಿನಲ್ಲಿ ಚೈನಿನ ಕಪ್ಪು ಎಣ್ಣೆಯ ನಾಲ್ಕು ಬೆರಳುಗಳು ಮೂಡಿದ್ದವು. ನೀರಿಗೂ ಅಳಿಸಿರಲಿಲ್ಲ. ಆಗ ನರ್ಮದೆಗೆ ಎಲ್ಲ ನೆನಪಾಯಿತು. ಚೈನು ಏರಿಸಿದ ಮೇಲೆ ಹಲಗೆಯನ್ನು ಸಂಕದಿಂದ ಈಚೆಗೆ ಎಳೆದಿದ್ದಳು, ಹೊರ ಮಗ್ಗುಲಿನ ಹುಲ್ಲಿನ ಮೇಲೆ ಇಟ್ಟಿದ್ದಳು, ಕೈ ಒರೆಸಿಕೊಂಡು ಕಂಡಿಗೆ ಇಳಿಸೋಣವೆಂದುಕೊಂಡಿದ್ದಳು. ಅಷ್ಟರಲ್ಲಿ ಲೋರ್ನಾ ಸಮುದ್ರ ಕಾಣುತ್ತದೆಂದು ಕರೆದಿದ್ದಳು.

“ಏಳಬೇಡ, ಏಳಬೇಡ!” ಎಂದು ಅಕ್ಕು ಕೂಗಿದಳು. ಶೀನ ನೀರಿಗೆ ಹಾರಿದ. ಸೈಕಲ್ಲಿಗೆ ಹಾರುವುದಿಲ್ಲ ಎಂದಿದ್ದವನು. ಅವನೂ ಅಕ್ಕುವೂ ಹಲಗೆಯನ್ನು ಅವಳ ಪಕ್ಕದಲ್ಲೇ ಕಂಬಗಳ ಸೀಳಿಗೆ ಹಿಡಿದರು. “ಈಗ!” ಎಂದಾಗ ನರ್ಮದಾ ಗದ್ದೆಯ ಕಡೆಗೆ ಉರುಳಿದಳು. ಹಲಗೆ ಕೆಳಗಿಳಿಯಿತು. ಈ ಸಲ ಸದ್ದು ಕೇಳಿಸಿತು.

ಅಕ್ಕು ಗದ್ದೆಗೆ ಇಳಿದಳು. ಮೊದಲ ಗದ್ದೆಯಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು, ಉಗಿದಳು. ಎರಡನೆಯ ಗದ್ದೆಯಲ್ಲಿ ಬೆರಳು ಅದ್ದಿ ನೆಕ್ಕಿ, ಮತ್ತೊಮ್ಮೆ ಅದ್ದಿದಳು.

“ಬಾ ಇಲ್ಲಿ. ನೀನು ನೋಡು.”

ನರ್ಮದಾ ನೋಡಿದಳು. ಬಾಯಲ್ಲಿ ಮೊದಲೇ ಹೊಳೆಯ ಉಪ್ಪು ತುಂಬಿತ್ತು. “ತಿಳಿಯುವುದಿಲ್ಲ ಅಕ್ಕಾ.”

“ಬಾಯಿ ಮುಕ್ಕಳಿಸು.” ಲೋರ್ನಾ ತಾನು ತಂದ ಬಾಟಲಿಯ ನೀರು ಕೊಟ್ಟಳು. ನರ್ಮದಾ ಮತ್ತೆ ನೋಡಿದಳು.

“ಚೂರು ಉಂಟು. ಸಾರಿಗೆ ಉಪ್ಪು ಕಮ್ಮಿಯಾದಷ್ಟು.”

ಮೂರನೆಯ ಗದ್ದೆಗೆ ಅಕ್ಕು ಹೋಗಿ ಬೊಗಸೆಯಲ್ಲೇ ನೀರು ಎತ್ತಿದಳು. ರುಚಿ ನೋಡಲು ಹನಿ ನೀರು ಸಾಕಿತ್ತು. ಅವಳು ಬೊಗಸೆ ತುಂಬ ಕುಡಿದಳು. ಆಮೇಲೆ ಗದ್ದೆಯಂಚಿನ ಹುಣಿಯ ಮೇಲೆ ಕುಸಿದು ಕೂತಳು. ಅಲ್ಲಿಂದಾಚೆಗಿನದೆಲ್ಲ ಸಿಹಿ.

“ಮೊದಲನೆಯದು ಹೋಯಿತು,” ಎಂದಳು. “ಎರಡನೆಯದಕ್ಕೆ ಕೆರೆ ನೀರು ಹೊಯ್ದು ತೊಳೆದರೆ ಅರ್ಧ ಬಂದೀತು. ದಿನಾ ಹೊಯ್ಯಬೇಕು.”

“ನಾನು ಬರುತ್ತೇನೆ. ಭಾನುವಾರ ಭಾನುವಾರ.”

“ಹೇಳುವಾಗ ಎಲ್ಲರೂ ಹೇಳ್ತಾರೆ.”

“ಅವಳು ಬರ್ತಾಳೆ,” ಎಂದಳು ಲೋರ್ನಾ. “ಅವಳಿಗೆ ವಾಪಸು ಬರದೆ ಆಗುವುದಿಲ್ಲ.” ಆಮೇಲೆ ಅಕ್ಕುವಿನ ಕಡೆಗೆ ತಿರುಗಿದಳು. “ತೆಗೆ ಅಂತ ಹೇಳಿದ್ದು ನಾನು ಅಕ್ಕು. ನಾನೂ ಬರ್ತೇನೆ.”

ಅಕ್ಕು ಇಬ್ಬರನ್ನೂ ನೋಡಿದಳು. ಒಬ್ಬಳಿಗೆ ತಲೆಯಿಂದ ಕಾಲಿನವರೆಗೆ ಕೆಸರು, ಇನ್ನೊಬ್ಬಳಿಗೆ ಮಡಿಲಿನಲ್ಲಷ್ಟೇ. “ಬಿಂದಿಗೆ ತನ್ನಿ,” ಎಂದಳು. “ನನ್ನ ಮನೆಯಲ್ಲಿ ಇರುವುದು ಎರಡೇ.”

ಮಧ್ಯಾಹ್ನಕ್ಕೆ ಯಾರೂ ಹೊಳೆ ದಾಟಲಿಲ್ಲ, ಏರಿದ ನೀರಿನಲ್ಲಿ ದಾಟುವಂತೆಯೂ ಇರಲಿಲ್ಲ. ನೀರು ಇಳಿಯತೊಡಗಿದಾಗ ಹಲಗೆಗಳನ್ನು ಒಂದೊಂದಾಗಿ ತೆಗೆದು, ಗದ್ದೆಯೊಳಗೆ ನಿಂತ ಉಪ್ಪುನೀರನ್ನು ಹೊಳೆಗೆ ಬಿಟ್ಟರು. ಬಿಟ್ಟು ಮುಗಿದ ಮೇಲೆ ಮೂರೂ ಹಲಗೆಗಳನ್ನು ಅಕ್ಕು ನರ್ಮದೆಯ ಕೈಯಲ್ಲೇ ಹಾಕಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಸೈಕಲ್‌ಗಳು ಮತ್ತೆ ದೋಣಿಯಲ್ಲಿ ಮಲಗಿದವು. ಮನೆಯಲ್ಲಿ ಅಪ್ಪ ಏನು ಕೇಳುತ್ತಾರೆ, ತಾನು ಏನು ಹೇಳಬೇಕು ಎಂಬುದನ್ನು ನರ್ಮದಾ ಆಗಲೇ ಜೋಡಿಸಿಕೊಂಡಿದ್ದಳು. ನಡೆದದ್ದನ್ನು ನಡೆದ ಹಾಗೆ ಹೇಳುವುದು. ಅದರಲ್ಲಿ ಮರೆಯುವಂಥದ್ದು ಏನೂ ಇರಲಿಲ್ಲ.

ಶೀನ ದೋಣಿಯನ್ನು ನೂಕಿದ. ನಡುಹೊಳೆಯಿಂದ ಬಡಗಣ ಕಟ್ಟ ಪೂರ್ತಿ ಕಾಣುತ್ತಿತ್ತು. ಅಕ್ಕು ಖಾಲಿ ಬುಟ್ಟಿ ಹೊತ್ತು ಮನೆಯ ಕಡೆ ಹೊರಟಿದ್ದಳು. ತೆಂಗಿನ ತೋಟದ ತನಕ ಹೋದವಳು ನಿಂತಳು. ತಿರುಗಿ ಕಂಡಿಯ ಬಳಿಗೆ ಬಂದು, ಬಾಗಿ, ಮೇಲಿನ ಹಲಗೆಯನ್ನು ಕೈಯಿಂದ ಒತ್ತಿ ನೋಡಿದಳು. ಮತ್ತೆ ಹೊರಟಳು. ಸ್ವಲ್ಪ ದೂರ ಹೋಗಿ ಮತ್ತೊಮ್ಮೆ ಬಂದಳು; ಈ ಸಲ ಕಾಲಿನಿಂದ ಒತ್ತಿದಳು.

ಲೋರ್ನಾ ನೋಡಿದಳು, ನಗಲಿಲ್ಲ.

“ದಿನಾ ಹಾಗೆಯೇ,” ಎಂದ ಶೀನ, ಜಲ್ಲೆ ಎತ್ತುತ್ತ. “ಈ ಕುದ್ರುವಿನಲ್ಲಿ ಎಲ್ಲರೂ.”